ತಿಪ್ಪಣ್ಣನ ಗೂಡಿನ ಲೋಟ

ಹೊಸದುರ್ಗದಲ್ಲಿ ಹಿಟ್ಟಿನ ಗಿರಣಿಯವನೊಬ್ಬ ಇನ್ನೊಂದು ಕೋಣೆ ಕಟ್ಟಿ, ಎರಡನೇ ಮಿಷನ್ ಕೂರಿಸಲು ಅರ್ಜಿ ಹಾಕಿದ್ದ. ಈಗಿರೋ ಮಿಷನ್ನಿಗೇ ನನ್ನ ಗೋಡೆ ಬಿರುಕು ಬಿಟ್ಟೈತೆ ಅಂತ ಪಕ್ಕದ ಮನೆಯ ತಿಪ್ಪಣ್ಣನ ತಕರಾರು. ಪುರಸಭೆಯ ಓವರ್‌ಸಿಯರ್ ಆಗಿದ್ದ ನಾನು ಗೋಡೆ ಎಷ್ಟು ಅದುರುತ್ತದೆಂದು ನೋಡಿ ವರದಿ ಕೊಡಬೇಕಿತ್ತು. ಅಳೆಯೋ ಯಂತ್ರ ನಮಗೆಲ್ಲಿಂದ ಬರಬೇಕು? ತಿಪ್ಪಣ್ಣನ ಗೋಡೆಯ ಗೂಡಿನಲ್ಲಿ ತುಳುಕುವಷ್ಟು ನೀರು ತುಂಬಿದ ಲೋಟ ಇಟ್ಟು, ಅದನ್ನೇ ನೋಡುತ್ತಾ ಕೂತೆ.

ಗಿರಣಿ ನಿಂತುಹೋಯಿತು. ಹೋಗಿ ಓಡಿಸಯ್ಯ ಎಂದು ಗದರಿ ಬಂದು ಕೂತೆ. ಮತ್ತೆ ನಿಂತಿತು. ಮೂರನೇ ಸಲ ಗಿರಣಿಯವನು ಕೈಮುಗಿದ. "ನಾನಲ್ರೀ ಸಾರ್, ತಿಪ್ಪಣ್ಣನೇ ಹಿತ್ತಲಿಂದ ನಿಲ್ಸು ಅಂತಾನೆ."

"ಏನಪ್ಪ ತಿಪ್ಪಣ್ಣ, ತಕರಾರು ಕೊಟ್ಟೋನೇ ನಿಲ್ಸಿದ್ರೆ ನಾನೇನು ನೋಡ್ಲಿ?"

"ಸಾಹೇಬ್ರು ಮನೇಗೆ ಬಂದಾಗ ಆ ಗದ್ಲ ಇದ್ರೆ ನಮ್ ಮರ್ಯಾದಿ ಏನಾಗ್ಬೇಕ್ರಿ? ಕುಂತ್ಕಳ್ರಿ, ಕಾಫಿ ಆಗ್ತೈತೆ."

ತಲೆ ಕೆಟ್ಟು, ಗೂಡಿನ ಲೋಟ ತೆಗೆದು ಗಟಗಟ ಕುಡಿದುಬಿಟ್ಟೆ. ಆಗ ತಿಪ್ಪಣ್ಣ, "ಓಡ್ಸಲೇ, ಸಾಹೇಬ್ರು ನೋಡ್ತಾರಂತೆ!" ಎಂದು ಕೂಗಿದ. ಗಿರಣಿ ಗುಡುಗಿತು. ಕೈಯಲ್ಲಿದ್ದ ಖಾಲಿ ಲೋಟ ಗಡಗಡ ನಡುಗುತ್ತಿತ್ತು. ಅದು ಗಿರಣಿಯ ಅದುರಾಟವೋ ನನ್ನ ಸಿಟ್ಟೋ, ವರದಿಯಲ್ಲಿ ಏನೆಂದು ಬರೆಯಲಿ?