ಕಿಟಕಿಯ ಮುಂದಿನ ಫಲಕ

ಬೀದಿಗೆಲ್ಲ ಅವಳು ಟೇಪಕ್ಕ. ಅಳತೆಯ ಟೇಪು ಕೊರಳಲ್ಲಿಲ್ಲದೆ ಅವಳನ್ನು ಕಂಡವರಿಲ್ಲ. ಮನೆಯ ಮುಂದಿನ ಕೋಣೆಯೇ ಹೊಲಿಗೆಯಂಗಡಿ. ಬಾಗಿಲಿನ ಬಳಿ ಮಿಷನ್ನು, ಗೋಡೆಯ ಮೊಳೆಗಳಿಗೆ ತೋಳಿಲ್ಲದ ಅಂಗಿಗಳು, ಬೀದಿಬದಿಯ ಕಿಟಕಿಗೆ ಒತ್ತಿಕೊಂಡು ಗಂಡನ ಕುರ್ಚಿ.

ಗಂಡ ಜೀವಮಾನವಿಡೀ ಬಸ್ಸು ಓಡಿಸಿದವನು. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ಹೋಗಿರಲಿಲ್ಲ, ಹೊರಡಲು ಹೊತ್ತು ಹಿಡಿಯುತ್ತಿತ್ತು, ಅಷ್ಟೆ. ಆದರೆ ಅಷ್ಟು ಹೊತ್ತು ಕಾಯುವ ಜಾಯಮಾನ ಟೇಪಕ್ಕನದಲ್ಲ. ಅವನು ಅರ್ಧ ಮಾತು ಎತ್ತುವುದರೊಳಗೆ ಉಳಿದರ್ಧವನ್ನು ತಾನೇ ಆಡಿ, ಉತ್ತರವನ್ನೂ ಕೊಟ್ಟು ಮುಗಿಸಿರುತ್ತಿದ್ದಳು. ಪ್ರೀತಿಗೆ ಕೊರತೆಯಿರಲಿಲ್ಲ, ಬರೀ ಅವಸರದ ಪ್ರೀತಿ. ಅವನ ಪಾಲಿಗೆ ಉಳಿದ ಸಂಭ್ರಮವೆಂದರೆ ಕಿಟಕಿಯಾಚೆ ಹಾದುಹೋಗುವ ಬಸ್ಸುಗಳು. ಹಳೆಯ ಗೆಳೆಯರು ಹಾರ್ನ್ ಒತ್ತುವರು, ಇವನು ಎಡಗೈ ಎತ್ತುವನು. ಅದನ್ನು ಕಂಡಾಗಲೆಲ್ಲ ಟೇಪಕ್ಕನ ಜೀವ ತಂಪಾಗುತ್ತಿತ್ತು.

ರಸ್ತೆಯಾಚೆಗೆ ಒಂದು ಹಳೆಯ ಮಹಡಿ ಕಟ್ಟಡವಿತ್ತು. ಯುದ್ಧಕಾಲದಲ್ಲಿ ಅದು ಸೇನೆಯ ಮುಖ್ಯ ಕಚೇರಿ, ಈಗ ಬಣ್ಣದ ಡಬ್ಬಗಳ ಗೋದಾಮು. ಊರಿನ ಹಿರಿಯರಿಗೆ ಇದ್ದಕ್ಕಿದ್ದಂತೆ ಇತಿಹಾಸದ ನೆನಪಾಗಿ, 'ಇದು ಸೇನೆಯ ಮುಖ್ಯ ಕಚೇರಿಯಾಗಿತ್ತು' ಎಂದು ಬರೆದ ಕಬ್ಬಿಣದ ಫಲಕವನ್ನು ರಸ್ತೆಬದಿಯಲ್ಲಿ ನೆಡಿಸುವುದೆಂದು ತೀರ್ಮಾನವಾಯಿತು. ಕಟ್ಟಡದ ಗೋಡೆ ರಸ್ತೆಗೇ ತಾಗಿದ್ದರಿಂದ ಆ ಬದಿಯಲ್ಲಿ ಕಂಬಕ್ಕೆ ಜಾಗವಿಲ್ಲ. ಈ ಬದಿಯಲ್ಲೇ ಆಗಲಿ ಎಂದರು. ಈ ಬದಿಯೆಂದರೆ ಸರಿಯಾಗಿ ಟೇಪಕ್ಕನ ಕಿಟಕಿಯ ಮುಂದೆ.

ಮೇಸ್ತ್ರಿ ಬಂದು ಫಲಕವನ್ನು ಅವಳ ಗೋಡೆಗೆ ಒರಗಿಸಿ ಗುಂಡಿ ತೋಡತೊಡಗಿದ. ಟೇಪಕ್ಕ ಸುಮ್ಮನಿರುವವಳೇ? ಕುಳಿತ ಗಂಡನ ಕಣ್ಣಿನ ಎತ್ತರ ಅಳೆದಳು, ಕಂಬವನ್ನೂ ಅಳೆದಳು.

"ಮೇಸ್ತ್ರಿ, ಇದನ್ನ ಇಲ್ಲಿ ನೆಟ್ರೆ ನಮ್ಮೆಜಮಾನ್ರು ಇನ್ಮೇಲೆ ಏನ್ ನೋಡ್ಬೇಕು? ತಗಡಿನ ಬೆನ್ನಾ?"

"ಗುರುತು ಹಾಕಿರೋ ಕಡೆ ಅಗಿಯೋದಷ್ಟೇ ನನ್ ಕೆಲ್ಸ ಅಕ್ಕ. ಬೇಕಾದ್ರೆ ಮುನ್ಸಿಪಾಲ್ಟಿ ಆಫೀಸಿಗೆ ಹೋಗಿ ಕೇಳಿ."

ಹೋದಳು. ಅವಳ ಬಾಯಿಗೆ ಅಂಜದ ಅಧಿಕಾರಿ ಇನ್ನೂ ಹುಟ್ಟಬೇಕು.

"ಅಷ್ಟು ದೊಡ್ಡ ಸೈನ್ಯ ಅಲ್ಲಿ ಇದ್ದು ಹೋಯ್ತಂತೆ, ಸಂತೋಷಾನೇ, ಸ್ವಾಮಿ. ನಮ್ಮನೆಯವ್ರು ಇನ್ನೂ ಇದಾರೆ!" ಎಂದು ಮೇಜಿನ ಮುಂದೆ ಕುಳಿತವಳು ಏಳಲೇ ಇಲ್ಲ. ಕೊನೆಗೆ ಅಧಿಕಾರಿ ಕೈಮುಗಿದು, ಫಲಕವನ್ನು ಬೀದಿ ತುದಿಯಲ್ಲಿ ಚಪ್ಪಲಿ ರಿಪೇರಿಯವನು ಕೂರುವ ಮೂಲೆಗೆ ಸರಿಸಲು ಒಪ್ಪಿದ.

ಯುದ್ಧ ಗೆದ್ದವಳ ಹಾಗೆ ಬಂದವಳಿಗೆ ದೂರದಿಂದಲೇ ತನ್ನ ಕಿಟಕಿಯ ಮುಂದೆ ಜನ ಸೇರಿದ್ದು ಕಂಡಿತು. ಇವರಿಗೇನಾದರೂ ಆಯಿತೇ ಎಂದು ಓಡಿದಳು.

ಏನೂ ಆಗಿರಲಿಲ್ಲ. ಗೋಡೆಗೆ ಒರಗಿದ್ದ ಫಲಕವನ್ನು ನೋಡಿ, ದಾರಿಹೋಕರು ಅವಳ ಹೊಲಿಗೆಯಂಗಡಿಯನ್ನೇ ಸೇನೆಯ ಮುಖ್ಯ ಕಚೇರಿಯೆಂದು ತಿಳಿದಿದ್ದರು.

"ತಾತ, ದೊಡ್ಡ ಸಾಹೇಬ್ರು ಕೂತಿದ್ದು ಈ ರೂಮಲ್ಲೇನಾ?" ಎಂದು ಕಾಲೇಜಿನ ಹುಡುಗಿಯೊಬ್ಬಳು ಕೇಳುತ್ತಿದ್ದಳು.

ಗಂಡ ಅಲ್ಲವೆಂದು ತಲೆಯಾಡಿಸಿ ಎಡಗೈ ಚಾಚಿದ. "ನಿಮ್ಮ..." ಎಂದ. ಎಲ್ಲರೂ ಕಾದರು. "...ಹಿಂದೆ." ಎಲ್ಲರೂ ತಿರುಗಿದರು.

"ಈಗ ಅಲ್ಲಿ ಏನಿದೆ ತಾತ?"

"ಬಣ್ಣದ... ಗೋ... ಗೋದಾಮು."

ಎಲ್ಲರೂ ನಕ್ಕರು. ಅವನೂ ನಕ್ಕ. ಸೊಟ್ಟ ಬಾಯಿಯ ಆ ನಗುವನ್ನು ಟೇಪಕ್ಕ ಕಂಡು ಎಷ್ಟು ಕಾಲವಾಗಿತ್ತೋ.

ಜನ ಚದುರಿದ ಮೇಲೆ ಅವಳು ಸೆರಗು ಬಿಗಿದು ಹೇಳಿದಳು: "ನಡೀರಿ ಮೇಸ್ತ್ರಿ, ಆ ಮೂಲೇಲಿ ಅಗೀರಿ. ಒಪ್ಪಿಸ್ಕೊಂಡು ಬಂದಿದೀನಿ."

ಗಂಡ ಕಿಟಕಿಯ ಸರಳನ್ನು ಪಟಪಟ ಬಡಿದ.

"ನೀರಾ? ಬಿಸಿಲಾ? ಬೆನ್ನು ನೋಯ್ತಿದ್ಯಾ?"

ಎಲ್ಲಕ್ಕೂ ಅಲ್ಲವೆಂದು ತಲೆಯಾಡಿಸಿದ. ಟೇಪಕ್ಕನಿಗೆ ಊಹಿಸಲು ಇನ್ನೇನೂ ಉಳಿಯಲಿಲ್ಲ.

"ಇಲ್ಲೇ... ಇರ್ಲಿ."

"ಅಯ್ಯೋ, ಬಸ್ಸು ಕಾಣಲ್ಲ ಕಣ್ರೀ!"

ಅವನು ಉಸಿರೆಳೆದುಕೊಂಡ. ಹಣೆ ಬೆವರಿತು. "ಬಸ್ಸು... ನಿಲ್ಲಲ್ಲ," ಎಂದ. "ಜನ... ನಿಲ್ತಾರೆ."

ತಾನು ದಿನವಿಡೀ ಪಕ್ಕದಲ್ಲೇ ಮಿಷನ್ನು ತುಳಿಯುತ್ತಿದ್ದರೂ ಈ ಮನುಷ್ಯ ಒಬ್ಬನೇ ಕೂತಿದ್ದನಲ್ಲ ಎಂದು ಟೇಪಕ್ಕನಿಗೆ ಆಗ ಹೊಳೆಯಿತು. ಮೇಸ್ತ್ರಿ ಗುದ್ದಲಿ ಹಿಡಿದು, ಎಲ್ಲಿ ಅಗಿಯಲಿ ಎಂಬಂತೆ ಅವಳ ಮುಖ ನೋಡುತ್ತಿದ್ದ.

"ನನ್ನನ್ನೇನ್ ನೋಡ್ತೀರಾ?" ಎಂದಳು ಟೇಪಕ್ಕ, ಕಣ್ಣೊರೆಸಿಕೊಳ್ಳುತ್ತ. "ಅವ್ರನ್ನ ಕೇಳಿ."