ಸೂಜಿಮದ್ದು ಕಟ್ಟಿಕೊಂಡು ಮೃಗಾಲಯಕ್ಕೆ

ಮಗಳ ತರಗತಿಯ ಮಕ್ಕಳೆಲ್ಲ ಮಂಗಳೂರಿನ ಆಚೆಯ ದೊಡ್ಡ ಮೃಗಾಲಯಕ್ಕೆ ಪ್ರವಾಸ ಹೋದ ದಿನ ಅವಳೊಬ್ಬಳು ಮನೆಯಲ್ಲಿದ್ದಳು. ಶಾಲೆಯವರು ಬರಬೇಡ ಎಂದಿರಲಿಲ್ಲ. "ನೀವು ಹೇಳಿದರೆ ಕರ್ಕೊಂಡು ಹೋಗ್ತೇವೆ. ಆದರೆ ಅಲ್ಲಿ ಏನಾದರೂ ಆದರೆ ಎಂತ ಮಾಡ್ಬೇಕು ಅಂತ ನಮಗೆ ಗೊತ್ತಿಲ್ಲ" ಎಂದು ಅವಳ ಟೀಚರ್ ಫೋನಿನಲ್ಲಿ ನಿಜವನ್ನೇ ಹೇಳಿದ್ದರು. ಬೇಡ ಎಂದವಳು ನಾನು.

ಅದಕ್ಕೆ ಹಿಂದಿನ ವರ್ಷ ಕಾರ್ಕಳದ ನನ್ನ ತವರುಮನೆಯಲ್ಲಿ ಮಗಳಿಗೆ ಕಣಜದ ಹುಳು ಕಚ್ಚಿತ್ತು. ಹಿತ್ತಿಲಲ್ಲಿ ಹಳೆಯ ಹೆಂಚು ಪೇರಿಸಿಟ್ಟಿದ್ದ ಕಡೆ ಗೂಡು ಇತ್ತು. ಕಚ್ಚಿದ್ದು ಒಂದೇ ಹುಳು, ಅದೂ ಕಾಲಿಗೆ. ಅಮ್ಮ ಸುಣ್ಣ ತರಲು ಒಳಗೆ ಹೋದಳು. ಅವಳು ಹೊರಗೆ ಬರುವಷ್ಟರಲ್ಲಿ ಮಗುವಿನ ತುಟಿ ಊದಿಕೊಂಡು ಮುಖದ ಗುರುತೇ ಸಿಗದಂತಾಗಿತ್ತು. ಅಣ್ಣ ಕಾರು ತೆಗೆದ. ಮಣಿಪಾಲದ ದಾರಿಯುದ್ದಕ್ಕೂ ಅವಳನ್ನು ಮಡಿಲಲ್ಲಿಟ್ಟುಕೊಂಡು ಅವಳ ಉಸಿರಿನ ಸದ್ದನ್ನು ಕೇಳುತ್ತಾ ಕುಳಿತಿದ್ದೆ. ಆ ಸದ್ದು ಶಿಳ್ಳೆಯಂತಿತ್ತು. ನಂತರ ಶಿಳ್ಳೆಯೂ ಸಣ್ಣದಾಗತೊಡಗಿತು. ಆಸ್ಪತ್ರೆಯ ಬಾಗಿಲಲ್ಲಿ ಯಾರೋ ಅವಳನ್ನು ನನ್ನ ಕೈಯಿಂದ ಎತ್ತಿಕೊಂಡು ಓಡಿದರು. ಮಗು ಉಳಿಯಿತು. ಆದರೆ ನನ್ನ ಕಿವಿಯಿಂದ ಆ ಶಿಳ್ಳೆ ಹೋಗಲಿಲ್ಲ.

ಆಗ ಗಂಡ ಕುವೈತಿನಲ್ಲಿದ್ದ. ಫೋನಿನಲ್ಲಿ ವಿಷಯ ಕೇಳಿದ್ದ, ಮರುದಿನ ವೀಡಿಯೊ ಕಾಲ್‌ನಲ್ಲಿ ಮಗಳು ನಗುವುದನ್ನೂ ನೋಡಿದ್ದ. ನಡುವೆ ನಡೆದದ್ದನ್ನು ನೋಡಿರಲಿಲ್ಲ.

ಮಣಿಪಾಲದ ಡಾಕ್ಟರಮ್ಮ ನನಗೆ ಎಲ್ಲವನ್ನೂ ತಿಳಿಸಿ ಹೇಳಿದ್ದರು. ಇನ್ನೊಮ್ಮೆ ಜೇನೋ ಕಣಜವೋ ಕಚ್ಚಿದರೆ ಇದಕ್ಕಿಂತ ಜೋರಾಗಬಹುದು. ಸೂಜಿಮದ್ದು ಯಾವಾಗಲೂ ಜೊತೆಗಿರಬೇಕು. ಗಾಜಿನ ಸಣ್ಣ ಸೀಸೆಯ ಕತ್ತು ಮುರಿದು, ಸಿರಿಂಜಿನಲ್ಲಿ ಅವರು ಗುರುತು ಮಾಡಿಕೊಟ್ಟ ಗೆರೆಯವರೆಗೆ ಮದ್ದು ಎಳೆದು, ತೊಡೆಯ ಹೊರಬದಿಗೆ ಚುಚ್ಚಬೇಕು. "ಅಂಗೈ ತುರಿಸ್ತದೆ, ತುಟಿ ದಪ್ಪ ಆಗ್ತದೆ, ದನಿ ಬದಲಾಗ್ತದೆ. ಅನುಮಾನ ಬಂದರೆ ಕಾಯ್ತಾ ಕೂತುಕೊಳ್ಳಬೇಡಿ. ಹಾಕಿ. ಹಾಕಿದ ಮೇಲೆ ಆಸ್ಪತ್ರೆಗೆ ಹೋಗಿ" ಎಂದಿದ್ದರು.

ಉಡುಪಿಯ ಒಂದು ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ. ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ದಿನವಿಡೀ ಕೂರಿಸುತ್ತೇನೆ, ಕೈ ನಡುಗುವುದಿಲ್ಲ. ಸಿರಿಂಜು ಹಿಡಿದರೆ ಮಾತ್ರ ಬೆರಳು ಮಾತು ಕೇಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಸಿರಿಂಜಿಗೆ ನೀರು ತುಂಬಿ ಮಟ್ಟುಗುಳ್ಳಕ್ಕೆ ಚುಚ್ಚಿ ಅಭ್ಯಾಸ ಮಾಡುತ್ತಿದ್ದೆ. ಆ ಬದನೆಯ ಸಿಪ್ಪೆ ಚರ್ಮದಂತೆಯೇ ಸ್ವಲ್ಪ ತಡೆದು ಆಮೇಲೆ ಬಿಡುತ್ತದೆ.

ಡಿಸೆಂಬರಿನಲ್ಲಿ ಗಂಡ ಕ್ರಿಸ್‌ಮಸ್ಸಿಗೆ ಊರಿಗೆ ಬಂದ. ಕಾಪುವಿನ ನಮ್ಮ ಮನೆಯಲ್ಲಿ ನಾನು, ಮಗಳು ಮತ್ತು ಅತ್ತೆ, ಮೂವರೇ ಇರುವುದು. ಅವನು ಬಂದರೆ ಮನೆಯ ಸದ್ದೇ ಬೇರೆ. ಹಬ್ಬ ಕಳೆದ ಮರುದಿನ ಚಹಾ ಕುಡಿಯುತ್ತಾ ಮಗಳನ್ನು ಕೇಳಿದ, "ನಿನಗೆ ಎಲ್ಲಿಗೆ ಹೋಗ್ಬೇಕು ಹೇಳು."

"ಹುಲಿ ನೋಡ್ಲಿಕ್ಕೆ" ಎಂದಳು ಅವಳು. ಹೇಳಿದವಳೇ ನನ್ನ ಮುಖ ನೋಡಿದಳು. ಎಂಟು ವರ್ಷದ ಮಗು ಹಾಗೆ ನೋಡಬಾರದಿತ್ತು.

"ಆಯಿತು, ಬುಧವಾರ ಹೋಗುವ" ಎಂದ ಅವನು.

ನಾನು ಆ ಸಂಜೆಯೇ ತಯಾರಿ ಶುರು ಮಾಡಿದೆ. ದಾರಿಯಲ್ಲಿ ಯಾವ ಯಾವ ಆಸ್ಪತ್ರೆ, ಯಾವುದರಲ್ಲಿ ತುರ್ತು ಚಿಕಿತ್ಸೆ ಉಂಟು, ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತು ಎಂದು ಮೊಬೈಲಿನ ನಕ್ಷೆಯಲ್ಲಿ ನೋಡಿದೆ. ಪಡುಬಿದ್ರಿ, ಹೆಜಮಾಡಿ, ಮೂಲ್ಕಿ, ಸುರತ್ಕಲ್, ಹೀಗೆ ಹೆದ್ದಾರಿಯ ಒಂದೊಂದು ಊರನ್ನೂ ಆಸ್ಪತ್ರೆಯ ಲೆಕ್ಕದಲ್ಲೇ ನೋಡಿದೆ. ಮೃಗಾಲಯಕ್ಕೆ ಹತ್ತಿರದ ಆಸ್ಪತ್ರೆಗೆ ಫೋನ್ ಮಾಡಿ ಈ ಮದ್ದು ನಿಮ್ಮಲ್ಲಿ ಇದೆಯೇ ಎಂದು ವಿಚಾರಿಸಿದೆ. ಮಗಳಿಗೆ ಹೂವಿನ ಚಿತ್ರವಿಲ್ಲದ, ಗಾಢ ಬಣ್ಣವಿಲ್ಲದ, ತುಂಬುತೋಳಿನ ಅಂಗಿ ತೆಗೆದಿಟ್ಟೆ. ಪೌಡರ್ ಬೇಡ, ತಲೆಗೆ ಎಣ್ಣೆ ಬೇಡ, ವಾಸನೆಗೆ ಹುಳು ಬರುತ್ತದೆ. ಹಬ್ಬದ ಕುಸ್ವಾರಿನ ಡಬ್ಬದಿಂದ ಒಂದು ಸಿಹಿತಿಂಡಿಯೂ ಕಾರಿಗೆ ಹತ್ತಬಾರದು ಎಂದು ಅತ್ತೆಗೆ ಹೇಳಿದೆ.

ಗಂಡನಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು.

"ಎಂತ ಮಾರಾಯ್ತಿ ಇದು? ಮಗು ಹುಲಿ ನೋಡ್ಲಿಕ್ಕೆ ಹೋಗುವುದು. ನೀನು ದಾರಿಯಲ್ಲಿರುವ ಆಸ್ಪತ್ರೆಗಳ ಹೆಸರು ಓದ್ತಾ ಇದ್ದಿ."

"ನೀನು ಅವಳನ್ನು ಆವತ್ತು ನೋಡಿಲ್ಲ."

"ನೋಡಿಲ್ಲ, ಸರಿ. ಆದರೆ ಅದು ಆಗಿ ಎಷ್ಟು ಸಮಯ ಆಯಿತು? ಅವಳು ಅಂಗಳಕ್ಕೆ ಇಳಿಯುವುದಿಲ್ಲ, ಬೀಚಿಗೆ ಹೋಗುವುದಿಲ್ಲ, ಪೇರಳೆ ಮರದ ಹತ್ತಿರ ಸಹ ಹೋಗುವುದಿಲ್ಲ. ಒಂದು ನೊಣ ಬಂದರೆ ಸಾಕು, ನಿನ್ನ ಮುಖ ನೋಡ್ತಾಳೆ. ನಿನ್ನ ಹೆದರಿಕೆಯನ್ನೆಲ್ಲ ಅವಳಿಗೆ ಕಲಿಸಿ ಇಟ್ಟಿದ್ದಿ."

ನಾನು ಏನೋ ಕಟುವಾಗಿ ಹೇಳಿದೆ. ಅವನು ಅದಕ್ಕಿಂತ ಕಟುವಾಗಿ ಹೇಳಿದ. ಅತ್ತೆ ನಡುವೆ ಬಂದು, "ಹೋಗುವುದೇ ಬೇಡ. ಹುಲಿಯನ್ನು ಟಿವಿಯಲ್ಲಿ ತೋರಿಸಿ" ಎಂದರು. ಅಷ್ಟರಲ್ಲಿ ಬಾಗಿಲ ಬಳಿ ಮಗಳು ನಿಂತಿರುವುದು ಕಂಡಿತು.

"ನನಗೆ ಹುಲಿ ಬೇಡ ಮಮ್ಮಿ" ಎಂದಳು. "ನಿಜವಾಗಿ ಬೇಡ."

ಆ ಮಾತು ಕೇಳಿದ ಮೇಲೆ ಹೋಗದೆ ಇರುವುದು ನನಗೆ ಸಾಧ್ಯವಿರಲಿಲ್ಲ. ಹೋಗುವುದೇ ಎಂದು ನಾನೇ ಹೇಳಿದೆ. ಆದರೆ ಹೊರಡುವ ಮೊದಲು ಮನೆಯ ಎಲ್ಲರೂ ಸೂಜಿ ಹಾಕುವುದನ್ನು ಕಲಿಯಬೇಕು ಎಂದು ಶರತ್ತು ಹಾಕಿದೆ. ಗಂಡ ಮುಖ ಗಂಟಿಕ್ಕಿಕೊಂಡೇ ಕಲಿತ. ಅತ್ತೆ ಸಿರಿಂಜು ಮುಟ್ಟಲು ಒಪ್ಪಲಿಲ್ಲ. "ನಾನು ಮಗುವನ್ನು ಹಿಡಿದುಕೊಳ್ತೇನೆ, ಅಷ್ಟೇ" ಎಂದರು.

ಬುಧವಾರ ಬೆಳಿಗ್ಗೆ ಬೇಗ ಹೊರಟೆವು. ಕಾರಿನಲ್ಲಿ ಅತ್ತೆ ಜಪಸರ ಹಿಡಿದಿದ್ದರು. ಗಾಜಿನ ಸೀಸೆಗಳು, ಸಿರಿಂಜು, ಹತ್ತಿ ಎಲ್ಲವೂ ಒಂದು ಸ್ಟೀಲ್ ಡಬ್ಬದಲ್ಲಿ, ಡಬ್ಬ ನನ್ನ ಹೆಗಲ ಚೀಲದಲ್ಲಿ. ಸೀಟಿನ ಮೇಲಿಡದೆ ಮಡಿಲಲ್ಲೇ ಇಟ್ಟುಕೊಂಡೆ.

ಮೃಗಾಲಯದ ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ನಾನು ಪ್ರಾಣಿಗಳನ್ನು ನೋಡಲೇ ಇಲ್ಲ. ಮರಗಳ ಕೊಂಬೆ ನೋಡಿದೆ, ಕಸದ ಬುಟ್ಟಿ ನೋಡಿದೆ, ಜ್ಯೂಸ್ ಅಂಗಡಿ ಎಷ್ಟು ದೂರ ಎಂದು ನೋಡಿದೆ. ಮಗಳು ಅಪ್ಪನ ಕೈ ಹಿಡಿದು ಮುಂದೆ ಮುಂದೆ ಹೋಗುತ್ತಿದ್ದಳು. ನೀರಾನೆ ಬಾಯಿ ತೆರೆದಾಗ ಅವಳು ಕಿರುಚಿ ನಕ್ಕಳು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ಕೇಳಿ ತುಂಬ ಕಾಲವಾಗಿತ್ತು. ಮೊಸಳೆಗಳ ಹತ್ತಿರ ಅತ್ತೆ ಕೂಡ "ಇದು ಜೀವ ಇದ್ದದ್ದೇ ಅಲ್ವಾ? ಅಲ್ಲಾಡುವುದೇ ಇಲ್ಲ" ಎಂದು ತಮಾಷೆ ಮಾಡಿದರು. ನನ್ನ ಹೆಗಲು ಸ್ವಲ್ಪ ಸಡಿಲವಾಯಿತು.

ಹುಲಿಯ ಆವರಣದ ಮುಂದೆ ಜನ ಇದ್ದರು. ಹುಲಿ ದೂರದ ನೆರಳಿನಲ್ಲಿ ಮಲಗಿತ್ತು. ಎದ್ದರೆ ನೋಡಬೇಕೆಂದು ಎಲ್ಲರೂ ಕಾಯುತ್ತಿದ್ದರು. ಪಕ್ಕದಲ್ಲಿ ಯಾವುದೋ ಕುಟುಂಬದ ಪುಟ್ಟ ಮಗು ಮಾವಿನ ಜ್ಯೂಸ್ ಕುಡಿಯುತ್ತಿತ್ತು. ಅದರ ಸುತ್ತ ಒಂದು ಕಣಜದ ಹುಳು ಹಾರುವುದನ್ನು ನಾನೂ ಮಗಳೂ ಒಟ್ಟಿಗೇ ಕಂಡೆವು. ಕಲಿಸಿಕೊಟ್ಟಂತೆ ಅವಳು ಕೈ ಬೀಸಲಿಲ್ಲ, ಓಡಲಿಲ್ಲ, ಅಲುಗಾಡದೆ ನಿಂತಳು. ಹುಳು ಅವಳ ಮುಂಗೈ ಮೇಲೆ ಕುಳಿತು ನಿಧಾನವಾಗಿ ನಡೆಯಿತು. ನಡೆದು ತುಂಬುತೋಳಿನ ಒಳಗೆ ಹೋಯಿತು. ಅವಳನ್ನು ಕಾಪಾಡಲೆಂದು ನಾನೇ ಆರಿಸಿದ್ದ ಅಂಗಿ ಅದು.

"ಮಮ್ಮಿ" ಎಂದಳು, ಉಸಿರು ಹಿಡಿದು. ಮರುಕ್ಷಣ ಕೂಗಿದಳು.

ಗಂಡ ಅಂಗಿಯ ತೋಳನ್ನು ಹರಿದೇಬಿಟ್ಟ. ಹುಳು ಹಾರಿತು. ಮೊಣಕೈಯ ಹತ್ತಿರ ಕೆಂಪು ಚುಕ್ಕೆ. ಅವಳನ್ನು ಬೆಂಚಿನ ಮೇಲೆ ಕೂರಿಸಿದೆವು. ಅಳುತ್ತಿದ್ದಳು, ಆದರೆ ಮುಖ ಮೊದಲಿನಂತೆಯೇ ಇತ್ತು.

"ಏನೂ ಆಗ್ಲಿಕ್ಕಿಲ್ಲ" ಎಂದೆ ನಾನು. ಹೌದು, ಹಾಗೆ ಹೇಳಿದವಳು ನಾನು. ಅಷ್ಟು ತಿಂಗಳು ಇದಕ್ಕೇ ತಯಾರಾಗಿದ್ದವಳಿಗೆ, ಅದು ಕಣ್ಣೆದುರು ಬಂದಾಗ, ಬಂದಿಲ್ಲ ಎಂದು ನಂಬುವ ಆಸೆಯಾಯಿತು.

ಮಗಳು ಅಳು ನಿಲ್ಲಿಸಿದಳು. ಎರಡೂ ಅಂಗೈಗಳನ್ನು ಲಂಗಕ್ಕೆ ಉಜ್ಜತೊಡಗಿದಳು. "ಮಮ್ಮಿ, ಅಂಗೈ ತುರಿಸ್ತಾ ಉಂಟು" ಎಂದಳು. ಅವಳ ದನಿ ಆಗಲೇ ದಪ್ಪವಾಗಿತ್ತು.

"ಹಾಕು" ಎಂದ ಗಂಡ. ಅವನ ಮುಖ ಬಿಳಿಚಿಹೋಗಿತ್ತು. "ಹಾಕು, ಹಾಕು."

ಡಬ್ಬ ತೆರೆದೆ. ಮೊದಲ ಸೀಸೆ ನನ್ನ ಬೆರಳಲ್ಲೇ ಪುಡಿಯಾಯಿತು. ಮದ್ದೂ ರಕ್ತವೂ ಸೇರಿ ಕೈಯಿಂದ ಇಳಿಯಿತು. ಇನ್ನೊಂದನ್ನು ಗಂಡ ತೆಗೆದುಕೊಂಡು ಹತ್ತಿಯಲ್ಲಿ ಸುತ್ತಿ ಕತ್ತು ಮುರಿದ. ಅದು ಟಕ್ಕೆಂದು ಸರಿಯಾಗಿ ಮುರಿಯಿತು. ಅವನು ಸೀಸೆ ಹಿಡಿದ, ನಾನು ಸಿರಿಂಜಿಗೆ ಎಳೆದುಕೊಂಡೆ. ಅತ್ತೆ ನೆಲಕ್ಕೆ ಮಂಡಿಯೂರಿ ಮಗುವಿನ ಕಾಲನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದರು. ಮಂಡಿನೋವಿನಿಂದ ಇಗರ್ಜಿಯಲ್ಲೂ ಮಂಡಿಯೂರಲಾಗದವರು ಅವರು. "ಚುಚ್ಚು ಬಾಯ್, ನಾನು ಹಿಡಿದಿದ್ದೇನೆ" ಎಂದರು. ಬಾಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಮಗಳೇ ಎಂದಂತೆ. ಮದುವೆಯಾದಂದಿನಿಂದ ಅವರು ನನ್ನನ್ನು ಹಾಗೆ ಕರೆದದ್ದು ನೆನಪಿಲ್ಲ.

ಚುಚ್ಚಿದೆ. ಒತ್ತಿದೆ. ತೆಗೆದೆ.

ಸುತ್ತ ಜನ ಸೇರಿದ್ದರು. ಕಾವಲುಗಾರನೊಬ್ಬ ಬ್ಯಾಟರಿ ಗಾಡಿ ತರಿಸಿದ. ಗೇಟಿನವರೆಗೆ ಅದರಲ್ಲಿ, ಅಲ್ಲಿಂದ ಕಾರಿನಲ್ಲಿ. ಯಾವ ತಿರುವು, ಯಾವ ಆಸ್ಪತ್ರೆ ಎಂದು ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ಗಂಡನಿಗೆ ಅಷ್ಟೂ ದಾರಿ ಬಾಯಿಪಾಠವಾಗಿತ್ತು. ನಾನು ಓದುವಾಗ ಕೇಳಿಸಿಕೊಳ್ಳದವನಂತೆ ಕೂತಿದ್ದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹಿಂದಿನ ಸೀಟಿನಲ್ಲಿ ನಾನು ಅವಳ ಬಾಯಿಯ ಹತ್ತಿರ ಕಿವಿ ಇಟ್ಟಿದ್ದೆ. ಗೊರಗೊರ ಸದ್ದಿತ್ತು. ಆಸ್ಪತ್ರೆಯ ಫಲಕ ಕಾಣುವ ಹೊತ್ತಿಗೆ ಅದು ಸ್ವಲ್ಪ ತಿಳಿಯಾಗಿದೆ ಎನ್ನಿಸಿತು. ನನ್ನ ಆಸೆಯೇ ಹಾಗೆ ಕೇಳಿಸುತ್ತಿದೆಯೇನೋ ಎಂದು ಹೆದರಿ ಯಾರಿಗೂ ಹೇಳಲಿಲ್ಲ.

ತುರ್ತು ಚಿಕಿತ್ಸೆಯ ಕೋಣೆಯಿಂದ ಹೊರಬಂದ ಡಾಕ್ಟರ್ ಇನ್ನೂ ಹುಡುಗನಂತಿದ್ದರು. "ಸರಿಯಾದ ಹೊತ್ತಿಗೆ ಹಾಕಿದ್ದೀರಿ. ಒಂದು ದಿನ ಇಲ್ಲೇ ಇರಲಿ, ಕೆಲವೊಮ್ಮೆ ಇದೇ ತೊಂದರೆ ಮತ್ತೆ ಬರುವುದುಂಟು" ಎಂದರು. ನಂತರ ನನ್ನ ಬೆರಳು ನೋಡಿ, "ನಿಮಗೂ ಹೊಲಿಗೆ ಬೇಕಲ್ಲ" ಎಂದರು. ಆಗಲೇ ನನಗೆ ನೋವು ಗೊತ್ತಾದದ್ದು.

ಹೊಲಿಗೆ ಹಾಕಿಸಿಕೊಂಡು ಹೊರಗೆ ಬಂದಾಗ ಗಂಡ ಮೆಟ್ಟಿಲ ಮೇಲೆ ಕುಳಿತಿದ್ದ. ವಾಂತಿ ಮಾಡಿಕೊಂಡಿದ್ದ, ಅಂಗಿಯ ಮೇಲೆ ನೀರು ಚೆಲ್ಲಿತ್ತು. ಪಕ್ಕದಲ್ಲಿ ಕುಳಿತೆ. ಅವನು ಕೇಳಿದ, "ಕಾರ್ಕಳದಿಂದ ಮಣಿಪಾಲದವರೆಗೆ ಹೀಗೇ ಇತ್ತಾ?"

"ಇದಕ್ಕಿಂತ ಹೆಚ್ಚು" ಎಂದೆ. "ಆಗ ಮದ್ದು ಇರಲಿಲ್ಲ."

ಹೊಲಿಗೆ ಹಾಕಿದ ನನ್ನ ಕೈಯನ್ನು ಎತ್ತಿ ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ. ನಾವು ಜಗಳವಾಡಿದ ಮಾತುಗಳಿಗೆ ಅವನೂ ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಮಗಳನ್ನು ಮನೆಗೆ ಕಳುಹಿಸಿದರು. ಕಾರಿನಲ್ಲಿ ಅವಳು ಅಜ್ಜಿಯ ಹತ್ತಿರ ಒಂದೇ ಸಮನೆ ಮಾತಾಡುತ್ತಿದ್ದಳು. ಹುಲಿ ಎದ್ದಿತ್ತಂತೆ. ನಾವೆಲ್ಲ ಸೂಜಿ, ಸೀಸೆ ಎಂದು ಗಡಿಬಿಡಿಯಲ್ಲಿದ್ದಾಗ ಅದು ಎದ್ದು ಆವರಣದ ಅಂಚಿನವರೆಗೆ ಬಂದು ನಿಂತು ನೋಡಿತಂತೆ. ಅತ್ತೆ ಹೂಂ ಹೂಂ ಎನ್ನುತ್ತಿದ್ದರು. ಬೆಂಚಿನಿಂದ ಹುಲಿ ಕಾಣುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನಂತೂ ನೋಡಿಲ್ಲ.

ಗಂಡ ಕುವೈತಿಗೆ ಮರಳಿದ ಮೇಲಿನ ಒಂದು ಭಾನುವಾರ, ಎರ್ಮಾಳಿನ ಗೆಳತಿಯ ಮನೆಗೆ ಹೋಗಲಾ, ಅವರೆಲ್ಲ ಕಡಲ ಬದಿಗೆ ಆಡಲು ಹೋಗುತ್ತಾರೆ ಎಂದು ಮಗಳು ಕೇಳಿದಳು. ಈ ಸಲ ನನ್ನ ಮುಖ ನೋಡುತ್ತಾ ಕೇಳಲಿಲ್ಲ, ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದಳು. ಗೆಳತಿಯ ತಾಯಿ ನಮ್ಮ ಮನೆಗೇ ಬಂದು, ಸೂಜಿ ಹಾಕುವುದನ್ನು ನನ್ನಿಂದ ಎರಡೆರಡು ಸಲ ಕೇಳಿ ತಿಳಿದುಕೊಂಡು, ಸ್ಟೀಲ್ ಡಬ್ಬವನ್ನು ತಮ್ಮ ಚೀಲಕ್ಕೆ ಹಾಕಿಕೊಂಡು, ಅವಳನ್ನು ಕರೆದುಕೊಂಡು ಹೋದರು.

ಆ ಮಧ್ಯಾಹ್ನ ನಾನು ಮನೆಯಲ್ಲಿ ಏನು ಮಾಡಿದೆ ಎಂದು ಹೇಳಲು ಬರುವುದಿಲ್ಲ. ಫೋನ್ ಮೇಜಿನ ಮೇಲಿತ್ತು. ಅತ್ತೆ ಎದುರಿನ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಿದ್ದರು, ನಡುನಡುವೆ ಅವರೂ ಫೋನಿನ ಕಡೆ ನೋಡುತ್ತಿದ್ದರು. ಬಿಸಿಲು ಇಳಿದ ಮೇಲೆ ಗೇಟಿನ ಸದ್ದಾಯಿತು. ತಲೆಯ ತುಂಬ ಮರಳು ತುಂಬಿಕೊಂಡು ಮಗಳು ಬಂದಳು. ಹಸಿವೆ ಎಂದಳು.