ಗಂಗವ್ವ, ಬಸ್ಯಾ ಮತ್ತು ದ್ರಾಕ್ಷಿ

ಗಂಗವ್ವ ಎಂದೂ ಮೊದಲ ತುತ್ತನ್ನು ತಾನು ತಿಂದವಳಲ್ಲ. ಗಾರೆ ಕೆಲಸ ಮುಗಿಸಿ ಬಂದು, ಸಿಮೆಂಟು ಮೆತ್ತಿದ ಕೈ ತೊಳೆದು ರೊಟ್ಟಿ ಮುರಿದರೆ, ಮೊದಲ ಚೂರು ಬಸ್ಯಾನಿಗೆ. ಬಸ್ಯಾ ಅವಳ ಬೆಕ್ಕು. "ಅವ ಉಂಡ ಮ್ಯಾಲೇ ನನಗ ಗಂಟಲದಾಗ ಇಳೀತದ" ಅನ್ನುತ್ತಿದ್ದಳು. ವಿಜಯಪುರದ ಕಡೆಯ ಒಂಟಿ ಹೆಂಗಸು. ಪಟ್ಟಂದೂರು ಅಗ್ರಹಾರದ ಬಾಡಿಗೆ ಕೋಣೆಗಳ ಸಾಲಿನಲ್ಲಿ ನನ್ನ ಪಕ್ಕದ ಕೋಣೆ ಅವಳದು. ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ಕಾಯಿಸಿ ಕೊಟ್ಟಳು, ಬೈದುಕೊಂಡೇ.

ಸೋಮವಾರ ಅವಳಿಗೆ ಉಪವಾಸ, ಬರೀ ಹಣ್ಣು. ಒಂದು ಬೇಸಿಗೆಯಲ್ಲಿ ಅವಳ ಅಣ್ಣ ಊರಿಂದ ಬುಟ್ಟಿ ತುಂಬ ದ್ರಾಕ್ಷಿ ತಂದುಕೊಟ್ಟಿದ್ದ. ಬಸ್ಯಾ ಎದುರಿಗೆ ಕೂತುಬಿಟ್ಟಿತ್ತು. ಅದಕ್ಕೆ ಪಾಲು ಕೊಡದೆ ತಾನು ತಿನ್ನಲಾರಳು, ಕೊಡಲು ಅನುಮಾನ. "ತಮ್ಮಾ, ಬೆಕ್ಕಿಗಿ ದ್ರಾಕ್ಷಿ ನಡೀತದೇನು? ಕಂಪ್ಯೂಟರಿನ್ಯಾಗ ನೋಡಿ ಹೇಳು" ಅಂದಳು.

ನಾನು ನೋಡಲಿಲ್ಲ. ಆಫೀಸಿನ ಕ್ಯಾಬ್ ತಪ್ಪೀತೆಂಬ ಅವಸರದಲ್ಲಿ ಶೂ ಕಟ್ಟಿಕೊಳ್ಳುತ್ತಾ, "ಹಣ್ಣು ತಾನೇ ಅಕ್ಕ, ಕೊಡಿ, ಏನೂ ಆಗಲ್ಲ" ಅಂದುಬಿಟ್ಟೆ. ಅವಳು ಒಂದೊಂದೇ ಹಣ್ಣಿನ ಸಿಪ್ಪೆ ಸುಲಿದು ತಿನ್ನಿಸಿದಳು.

ಮಂಗಳವಾರವೆಲ್ಲ ಬಸ್ಯಾ ವಾಂತಿ ಮಾಡಿತು. ಬುಧವಾರ ಏಳಲೇ ಇಲ್ಲ. ಸೆರಗಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದಳು, ಜೊತೆಗೆ ನಾನೂ ಹೋದೆ. ವೈಟ್‌ಫೀಲ್ಡ್ ರಸ್ತೆಯಲ್ಲಿ ವಾಹನಗಳು ಅಲುಗಾಡದೆ ನಿಂತಿದ್ದವು. "ಲಗೂ ಹೊಡಿ ಅಣ್ಣಾ, ಉಸಿರು ಸಣ್ಣಾಗ್ಲಿಕ್ಕತ್ತದ" ಎಂದು ಡ್ರೈವರನ ಬೆನ್ನು ತಟ್ಟುತ್ತಲೇ ಇದ್ದಳು. ಆ ಮೂರು ಕಿಲೋಮೀಟರಿನಷ್ಟು ಉದ್ದದ ದಾರಿಯನ್ನು ನಾನು ಮತ್ತೆ ಕಂಡಿಲ್ಲ.

ಪ್ರಾಣಿಗಳ ಡಾಕ್ಟರು ಮುಟ್ಟಿ ನೋಡಿ ತಲೆ ಅಲ್ಲಾಡಿಸಿದರು. "ಕಿಡ್ನಿ ಕೆಲಸ ನಿಲ್ಲಿಸಿದೆ ಅಮ್ಮ. ದ್ರಾಕ್ಷಿ, ಒಣದ್ರಾಕ್ಷಿ ಬೆಕ್ಕಿಗೆ ಕೊಡಲೇಬಾರದು. ಕೊಡಿ ಅಂತ ಯಾರು ಹೇಳಿದ್ರು ನಿಮಗೆ?"

ಗಂಗವ್ವ ಒಮ್ಮೆ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಯಾರೂ ಹೇಳಿಲ್ರಿ. ನನ್ನ ಬುದ್ಧಿಗೇ ಮಣ್ಣು ಬಿದ್ದಿತ್ತು" ಅಂದಳು.

ಸೂಜಿಮದ್ದು, ಡ್ರಿಪ್ಪು ಯಾವುದೂ ಹತ್ತಲಿಲ್ಲ. ಮಧ್ಯಾಹ್ನ ಬಸ್ಯಾ ಅವಳ ಮಡಿಲಲ್ಲೇ ಸತ್ತಿತು. ಆಮೇಲೆ ಅವಳು ಸರಿಯಾಗಿ ಉಂಡದ್ದನ್ನು ನಾನು ನೋಡಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ತಿಂಗಳು ತುಂಬುವ ಮೊದಲೇ ಕೋಣೆ ಖಾಲಿ ಮಾಡಿ ಊರಿಗೆ ಹೊರಟಳು.

ಹೊರಡುವ ಬೆಳಗ್ಗೆ ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತು, "ಅಕ್ಕ, ಅವತ್ತು ನಾನು ಕಂಪ್ಯೂಟರ್ ನೋಡಿರ್ಲಿಲ್ಲ. ಸುಮ್ನೆ ಹೇಳ್ಬಿಟ್ಟೆ" ಅಂದೆ.

ಅವಳು ಬಟ್ಟೆಗಂಟು ಬಿಗಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅದು ನನಗ ದವಾಖಾನ್ಯಾಗೇ ತಿಳೀತು ತಮ್ಮಾ. ಡಾಕ್ಟರ್ ಮುಂದ ಆದ್ರೂ ಬಾಯಿ ಬಿಡ್ತಿ ಅಂತ, ನಿನ್ನ ಮಾರಿ ನೋಡಿದೆ."